ಮಾತು ಬಿಟ್ಟವರ ಜೋಡಿ ಹಾಡು

ನಮ್ಮ ಮನೆಯಲ್ಲಿ ಅವ್ವ ಮತ್ತು ಅಪ್ಪ ಒಬ್ಬರೊಡನೊಬ್ಬರು ಮಾತಾಡುವುದನ್ನು ನಾನು ಕೇಳಿದ್ದು ನನಗೆ ಏಳು ವರ್ಷವಾಗುವ ತನಕ. ಆಮೇಲೆ ಕೇಳಿದ್ದೆಲ್ಲ ಹಾಡು. ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ತಂಬೂರಿ ಇಟ್ಟುಕೊಂಡು ಇಬ್ಬರೂ ರಿಯಾಜಿಗೆ ಕೂಡುತ್ತಿದ್ದರು. ಅಪ್ಪನ ದನಿ ಕೆಳಗಿನಿಂದ ನಿಧಾನವಾಗಿ ಏರಿ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದಲೇ ಅವ್ವನ ದನಿ ಹೊರಡುತ್ತಿತ್ತು. ಅವಳು ಬಿಟ್ಟ ಎಳೆಯನ್ನು ಅವನು ಹಿಡಿಯುತ್ತಿದ್ದ, ಅವನು ತಡವರಿಸಿದಲ್ಲಿ ಅವಳು ಕಾಯುತ್ತಿದ್ದಳು. ವೀಳ್ಯದೆಲೆಯ ಪೆಂಡಿ ಹೊತ್ತು ಪೇಟೆಗೆ ಹೊರಟವರು ನಮ್ಮ ಕಟ್ಟೆಯ ಮುಂದೆ ಕ್ಷಣ ನಿಂತು ಕೇಳಿ, ಗಂಡ ಹೆಂಡತಿ ಅಂದರೆ ಹೀಗಿರಬೇಕು ಎಂದು ತಮ್ಮತಮ್ಮಲ್ಲೇ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಹಾಡು ಮುಗಿದ ಮೇಲೆ ಅವ್ವ ಎದ್ದು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಒಳಗೆ ಹೋಗಿ ಒಲೆಯ ಮುಂದೆ ಕೂತು ನನ್ನನ್ನು ಕರೆಯುತ್ತಿದ್ದಳು.

“ಚಂಪಾ, ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವ ಅಂತ.”

ಪಡಸಾಲೆಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದು ಸಣ್ಣ ನಡುಮನೆ. ಅವಳು ಹೇಳಿದ್ದು ಅಪ್ಪನಿಗೆ ಚೆನ್ನಾಗಿ ಕೇಳಿಸಿರುತ್ತಿತ್ತು. ಆದರೂ ನಾನು ಹೋಗಿ ಹೇಳುವ ತನಕ ಅವನು ಏಳುತ್ತಿರಲಿಲ್ಲ.

“ಅಪ್ಪಾ, ರೊಟ್ಟಿ ಆಗ್ಯಾವಂತ.”

“ಬಂದೆ ಅಂತ ಹೇಳು.”

ನಾನು ಮತ್ತೆ ಒಳಗೆ ಹೋಗಿ “ಬರತಾನಂತವ್ವ” ಅನ್ನುತ್ತಿದ್ದೆ. ಅಷ್ಟರಲ್ಲಿ ಅಪ್ಪ ಅಡಿಗೆಮನೆಯ ಹೊಸ್ತಿಲು ದಾಟಿ ಬಂದು ಮಣೆಯ ಮೇಲೆ ಕೂತಿರುತ್ತಿದ್ದ. ಅವ್ವ ರೊಟ್ಟಿಯನ್ನು ಗಂಗಾಳಕ್ಕೆ ಹಾಕಿ, ಪಲ್ಯ ಬಡಿಸಿ, ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದನ್ನು ಅವನ ಮುಂದೆ ಇಡಬೇಕು. ತಂಬಿಗೆ ಅವ್ವನ ಕೈಯಿಂದ ಅಪ್ಪನ ಕೈಗೆ ನೇರವಾಗಿ ಹೋದದ್ದನ್ನು ನಾನು ಎಂದೂ ನೋಡಲಿಲ್ಲ.

ಮನೆ ಸವಣೂರಿನಲ್ಲಿ, ಮಠದ ಹಿಂದಿನ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಒಳಗೆ ಹಗಲಲ್ಲೂ ಕತ್ತಲು. ನಡುಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಎದುರು ಮನೆಯವರು ಖಾರಾ ಕರಿದು ಮಾರುವವರಾದ್ದರಿಂದ ದಿನವಿಡೀ ಕಾದ ಎಣ್ಣೆಯ ಮತ್ತು ಕರಿದ ಹಿಟ್ಟಿನ ವಾಸನೆ. ಹಿತ್ತಲಿನ ಆಚೆ ಎಲೆಬಳ್ಳಿಯ ತೋಟ. ನಾಟಕ ಕಂಪನಿಯ ಕಾಲದ ಗುರುತಾಗಿ ಪಡಸಾಲೆಯಲ್ಲಿ ಒಂದು ಹಳೆಯ ಪರದೆ ತೂಗುಹಾಕಿದ್ದರು. ಅರಮನೆಯ ತೋಟದ ಚಿತ್ರ, ಕಾರಂಜಿ, ನವಿಲು. ಬಣ್ಣ ಉದುರಿ ನವಿಲಿಗೆ ತಲೆಯೇ ಉಳಿದಿರಲಿಲ್ಲ. ಅದರ ಆಚೆ ಅಪ್ಪ ಮಲಗುತ್ತಿದ್ದ. ಈಚೆ ನಾನು, ಅವ್ವ, ಮತ್ತು ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ.

ಅಪ್ಪ ಅವ್ವ ಇಬ್ಬರೂ ನಾಟಕ ಕಂಪನಿಯಲ್ಲಿ ಹಾಡಿ ಬದುಕಿದವರು. ಅಪ್ಪ ಶಂಕ್ರಪ್ಪ ರಾಜನ ಪಾರ್ಟು, ಅವ್ವ ತುಳಸಾಬಾಯಿ ರಾಣಿಯ ಪಾರ್ಟು. ಕಂಪನಿ ಒಮ್ಮೆ ಹಾನಗಲ್ಲು, ಒಮ್ಮೆ ಶಿಗ್ಗಾಂವಿ, ಒಮ್ಮೆ ಹಿರೇಕೆರೂರು ಎಂದು ಊರೂರಿಗೆ ಹೋಗಿ ತಗಡಿನ ಥೇಟರು ಹಾಕಿ ತಿಂಗಳುಗಟ್ಟಲೆ ಕ್ಯಾಂಪು ಮಾಡುತ್ತಿತ್ತು. ಆ ನಾಟಕಗಳಲ್ಲಿ ಮಾತಿಗಿಂತ ಪದಗಳೇ ಹೆಚ್ಚು. ಸಿಟ್ಟು ಬಂದರೆ ಹಾಡು, ಪ್ರೀತಿ ಬಂದರೆ ಹಾಡು, ಸತ್ತರೂ ಹಾಡುತ್ತಲೇ ಸಾಯಬೇಕು. ಜನ ಬರುತ್ತಿದ್ದದ್ದೂ ಅದಕ್ಕೇ. ಅದರಲ್ಲೂ ಅಪ್ಪ ಅವ್ವನ ಜೋಡಿಪದ ಬಂದಾಗ ಹಿಂದೆ ನಿಂತವರು ಕಂಬ ಹತ್ತುತ್ತಿದ್ದರಂತೆ. ಅಪ್ಪ ಮಾತಿನಲ್ಲಿ ಬಹಳ ಜಿಪುಣ. ಒಂದು ವಾಕ್ಯವನ್ನು ಪೂರ್ತಿ ಮಾಡಲು ಅವನಿಗೆ ಕಷ್ಟ. ಅರ್ಧ ಹೇಳಿ ಕೈಯಾಡಿಸಿ ಬಿಡುತ್ತಿದ್ದ. ಅವ್ವ ಹಾಗಲ್ಲ, ಅವಳಿಗೆ ಮಾತೇ ಊಟ. ಆದರೆ ಹಾಡಿಗೆ ಕೂತರೆ ಅಪ್ಪ ಅವಳಿಗಿಂತ ಹೆಚ್ಚು ಮಾತಾಡುತ್ತಾನೆ ಎಂದು ನನಗೆ ಬಹಳ ಸಣ್ಣವಳಿದ್ದಾಗಲೇ ಗೊತ್ತಾಗಿತ್ತು. ಹಾನಗಲ್ಲಿನ ಕ್ಯಾಂಪಿನಲ್ಲಿ ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರಿಗೂ ಜಗಳವಾಯಿತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೋ ಏನೋ ಶುರುವಾಗಿ, ಅವಳ ತವರಿನ ತನಕ ಹೋಗಿ, ಅಪ್ಪ ಗಂಗಾಳ ತಳ್ಳಿ ಎದ್ದ. ಸಂಜೆಯ ಆಟದಲ್ಲಿ ಮುನಿಸಿಕೊಂಡ ರಾಣಿಯನ್ನು ರಾಜ ರಮಿಸುವ ಪದ ಬಂತು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಅಪ್ಪ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹಾಡಿದ. ಒಮ್ಮೆ ಸಣ್ಣ ಹುಡುಗನ ಹಾಗೆ ಹಟ ಮಾಡಿ, ಒಮ್ಮೆ ತಪ್ಪಾಯಿತೆಂದು ಒಪ್ಪಿ, ಒಮ್ಮೆ ಸುಮ್ಮನೆ ಒಂದು ಸ್ವರ ಹಿಡಿದು ಅವಳನ್ನೇ ನೋಡುತ್ತ. ಅವ್ವನ ಉತ್ತರದಲ್ಲಿ ನಗು ತುಂಬಿಕೊಂಡಿತು. ಜನ ಅದು ರಾಣಿಯ ನಗು ಎಂದುಕೊಂಡರು. ಬಣ್ಣದ ಕೋಣೆಗೆ ಬಂದವಳು ನನ್ನ ಕೆನ್ನೆ ಹಿಂಡಿ ಹೇಳಿದಳು.

“ನಿಮ್ಮಪ್ಪಗ ಬಾಯಾಗ ಮಾತಿಲ್ಲ ನೋಡು. ಇದ್ದದ್ದೆಲ್ಲಾ ಗಂಟಲದಾಗ ಇಟ್ಟಾನ ದೇವರು.”

ನನ್ನ ತಮ್ಮ ವಸಂತ ಹುಟ್ಟಿದ ಮೇಲೆ ನಮ್ಮಿಬ್ಬರನ್ನು ಸವಣೂರಿನಲ್ಲಿ ಆಯಿಯ ಬಳಿ ಬಿಟ್ಟರು. ಕಂಪನಿಯ ಧೂಳು, ಊರೂರಿನ ನೀರು ಕೂಸಿಗೆ ಆಗಿಬರುವುದಿಲ್ಲ ಎಂದು ಆಯಿಯೇ ಹಟ ಹಿಡಿದಿದ್ದಳು. ಅವ್ವ ಹದಿನೈದು ದಿನಕ್ಕೊಮ್ಮೆ ಬಂದು, ಅವನನ್ನು ಮಡಿಲಿನಿಂದ ಇಳಿಸದೆ ಎರಡು ದಿನ ಇದ್ದು ಹೋಗುತ್ತಿದ್ದಳು. ಅವನಿಗೆ ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಗುಂಡುಗುಂಡಾಗಿದ್ದ. ಆಯಿ ಹಿಟ್ಟು ಜರಡಿ ಹಿಡಿಯುವಾಗ ಆ ಸದ್ದಿಗೆ ತಲೆಯಾಡಿಸಿ ಏನೋ ಗುನುಗುತ್ತಿದ್ದ. ಕಂಪನಿ ಹಿರೇಕೆರೂರಿನಲ್ಲಿದ್ದಾಗ ಅವನಿಗೆ ಗಂಟಲು ನೋವು ಶುರುವಾಯಿತು. ಮೊದಲು ಜ್ವರ, ಆಮೇಲೆ ಗಂಟಲಲ್ಲಿ ಬಿಳಿಯ ಪರೆ ಕಟ್ಟಿ, ಉಸಿರು ಎಳೆದುಕೊಳ್ಳುವಾಗ ಕೊಳವೆಯಲ್ಲಿ ಗಾಳಿ ಸಿಕ್ಕಿದ ಹಾಗೆ ಸದ್ದು ಬರತೊಡಗಿತು. ಹಕೀಮರು ಬಂದರು, ಮಠದ ಆಚಾರ್ಯರು ತೀರ್ಥ ಕೊಟ್ಟು ಕಳಿಸಿದರು. ಬೆಳಗಾಗುವ ಮೊದಲೇ ಆ ಸದ್ದು ನಿಂತಿತು. ಆಯಿ ಅಳಲಿಲ್ಲ. ಎಲೆತೋಟದ ಬಸಣ್ಣನನ್ನು ಎಬ್ಬಿಸಿ ಕರೆಸಿದಳು.

“ಮುಂಜಾನೆ ಮೋಟಾರಿಗೆ ಹೋಗು ಬಸಣ್ಣಾ. ಶಂಕ್ರಪ್ಪಗ ಹೇಳು, ಇದ್ದಲ್ಲಿಂದ ಎದ್ದು ಬರ್ರಿ ಅಂತ. ಆಕಿ ಬಂದು ಮಾರಿ ನೋಡೂ ತನಕಾ ನಾ ಕೂಸಿನ್ನ ಎತ್ತಗೊಡೂದಿಲ್ಲ.”

ಆ ಹಗಲಿನ ಉದ್ದ ನನಗೆ ಈಗಲೂ ಗೊತ್ತಿದೆ. ವಸಂತನನ್ನು ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಮಲಗಿಸಿದ್ದರು. ಬಿಸಿಲಿನ ಚೌಕ ಅವನ ಕಾಲಿನ ಮೇಲೆ ಬಂದು, ಹೊಟ್ಟೆಯ ಮೇಲೆ ಹಾದು, ಗೋಡೆ ಹತ್ತಿ ಹೋಯಿತು. ಆಯಿ ಅವನ ತಲೆಯ ಬಳಿ ಕೂತು ನೊಣ ಓಡಿಸುತ್ತಿದ್ದಳು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಮೋಟಾರಿನ ಸದ್ದು ಕೇಳಿದರೆ ಬಂದು ಹೇಳು ಎಂದಿದ್ದಳು. ಎದುರು ಮನೆಯವರು ಅವತ್ತು ಒಲೆ ಹಚ್ಚಲಿಲ್ಲ. ಹೊತ್ತು ಇಳಿದಂತೆ ಓಣಿಯ ಹಿರಿಯರು ಒಬ್ಬೊಬ್ಬರೇ ಬಂದು ಆಯಿಗೆ ಹೇಳತೊಡಗಿದರು, ಇನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು. ಆಯಿ ಸೂರ್ಯ ಮುಳುಗುವ ತನಕ ಬಿಡಲಿಲ್ಲ. ಮುಳುಗಿದ ಮೇಲೆ ಅವಳೇ ಅವನನ್ನು ಎತ್ತಿ ಕೊಟ್ಟಳು. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂದರು.

ಅಪ್ಪ ಅವ್ವ ಬಂದದ್ದು ಮರುದಿನ ಬೆಳಿಗ್ಗೆ, ಕಂಪನಿಯ ಮಾಲಕರ ಮೋಟಾರಿನಲ್ಲಿ. ಹಾವೇರಿಯ ಹತ್ತಿರ ಟೈರು ಒಡೆದು ರಾತ್ರಿಯೆಲ್ಲ ದಾರಿಯಲ್ಲಿ ಕಳೆದಿದ್ದರು. ಅವ್ವನ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಕೈಯಲ್ಲಿ ಕೂಸಿಗೆಂದು ತಂದ ಬತ್ತಾಸಿನ ಪೊಟ್ಟಣ. ಅಪ್ಪ ಅವಳಿಗೆ ಕೂಸಿಗೆ ಜ್ವರ ಜೋರಾಗಿದೆ ಎಂದು ಮಾತ್ರ ಹೇಳಿ ಕರೆತಂದಿದ್ದ.

“ಎಲ್ಲಿ ಅವಾ? ಮಲಗ್ಯಾನೇನು?” ಎನ್ನುತ್ತ ಒಳಗೆ ಬಂದಳು.

ಆಯಿ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. “ನಿನ್ನಿ ಹೊತ್ತು ಮುಣಗೂ ತನಕಾ ಕಾದ್ನೆ ನನ್ನವ್ವ. ನೀವು ಬರಲಿಲ್ಲ.”

ಅವ್ವನಿಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ತಿಳಿದ ಮೇಲೆ ಅವಳು ಕಿರುಚಲಿಲ್ಲ. ಸುತ್ತ ನೋಡಿ, ಅಂಗಳದಲ್ಲಿ ನಿಂತಿದ್ದ ಬಸಣ್ಣನನ್ನು ಕಂಡಳು.

“ನೀ ಯಾವಾಗ ಬಂದಿದ್ದಿ ಹಿರೇಕೆರೂರಿಗೆ?”

ಬಸಣ್ಣ ಅಪ್ಪನ ಮುಖ ನೋಡಿದ. ಅಪ್ಪ ತಲೆ ಎತ್ತಲಿಲ್ಲ.

“ಮಧ್ಯಾಹ್ನಕ್ಕ ಮುಟ್ಟಿದ್ನಿರಿ ಬಾಯಾರ. ಹಗಲ ಆಟಾ ಇನ್ನೂ ಚಾಲೂ ಆಗಿದ್ದಿಲ್ಲ. ಶಂಕ್ರಪ್ಪನವರಿಗೆ ಕಿವಿಯಾಗ ಹೇಳೇನಲ್ರಿ.”

ಅವ್ವ ತಿರುಗಿ ಅಪ್ಪನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಬೆಳಕಿಂಡಿಯ ಕೆಳಗೆ, ಸಾರಿಸಿ ಇನ್ನೂ ಒದ್ದೆಯಿದ್ದ ನೆಲದ ಮೇಲೆ ಮಲಗಿಬಿಟ್ಟಳು.

ಹಿರೇಕೆರೂರಿನಲ್ಲಿ ಆದದ್ದನ್ನು ನನಗೆ ಹೇಳಿದ್ದು ಕಂಪನಿಯಲ್ಲಿ ತಬಲಾ ಬಾರಿಸುತ್ತಿದ್ದ ಮೌಲಾಸಾಬ. ನಾನು ಅವನಿಗೆ ಮೌಲಾ ಕಾಕಾ ಅನ್ನುತ್ತಿದ್ದೆ. ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇದ್ದ. ವರ್ಷಗಳ ಮೇಲೆ, ಅವನ ಮನೆಯ ಅಂಗಳದಲ್ಲಿ ಕೂತು ನಾನೇ ಕೇಳಿದೆ. ಬಸಣ್ಣ ಬಂದಾಗ ಮೊದಲ ಗಂಟೆ ಹೊಡೆದಿತ್ತಂತೆ. ಅಪ್ಪನ ಅರ್ಧ ಮುಖಕ್ಕೆ ಬಣ್ಣ ಆಗಿತ್ತು. ಸುದ್ದಿ ಕೇಳಿ ಅವನು ಪೆಟ್ಟಿಗೆಯ ಮೇಲೆ ಕುಸಿದು ಕೂತ. ಮಾಲಕರು ಓಡಿಬಂದು ಕೈಮುಗಿದರು: ಥೇಟರು ತುಂಬಿ ಹೊರಗೂ ಜನ ನಿಂತಿದ್ದಾರೆ, ಹಿಂದಿನ ಎರಡು ಆಟ ಮಳೆಯಿಂದ ನಿಂತಿವೆ, ಇವತ್ತೂ ನಿಂತರೆ ಜನ ತಗಡು ಕಿತ್ತು ಹಾಕುತ್ತಾರೆ, ಇದೊಂದು ಆಟ ಮುಗಿಸಿ, ನನ್ನ ಮೋಟಾರಿನಲ್ಲೇ ಕಳಿಸುತ್ತೇನೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಣ್ಣದವನು ಉಳಿದ ಅರ್ಧ ಮುಖಕ್ಕೆ ಬಣ್ಣ ಬಳಿದ. ಅವ್ವ ಹೆಂಗಸರ ಕೋಣೆಯಲ್ಲಿ ಯಾರೊಂದಿಗೋ ನಗುತ್ತ ಜಡೆ ಹಾಕಿಸಿಕೊಳ್ಳುತ್ತಿದ್ದಳು.

ಅವತ್ತಿನ ನಾಟಕದ ಕೊನೆಯಲ್ಲಿ ಒಂದು ಜೋಡಿಪದ. ಯುದ್ಧಕ್ಕೆ ಹೋದ ರಾಜ ಒಬ್ಬನೇ ಮರಳುತ್ತಾನೆ. ಜೊತೆಗೆ ಹೋದ ರಾಜಕುಮಾರ ಇಲ್ಲ. ಬರಿಗೈಲಿ ಬಂದಿರೇಕೆ ದೊರೆಯೇ ಎಂದು ರಾಣಿ ಕೇಳುತ್ತಾಳೆ. ರಾಜ ಹೇಳಬೇಕು.

“ಮೂವತ್ತು ವರ್ಷ ಬಾರಿಸೇನಿ ನಾ,” ಎಂದ ಮೌಲಾ ಕಾಕಾ. “ಅಂಥಾ ಹಾಡು ಕೇಳಿಲ್ಲ. ನಿಮ್ಮಪ್ಪ ಹಾಡಲಿಲ್ಲವಾ ಅವತ್ತ, ಆಕಿಗೆ ಹೇಳಾಕತ್ತಿದ್ದ. ನಮಗೆಲ್ಲಾ ಗೊತ್ತಿತ್ತು. ಹಾರ್ಮೋನಿಯಂ ಪೇಟಿ ಮಾಸ್ತರು ಬಾರಿಸಿಕೋತನ ಅಳಾಕತ್ತಿದ್ರು. ಆಕಿ ಒಬ್ಬಾಕಿಗೇ ಗೊತ್ತಿಲ್ಲ. ಇವತ್ತ ಇವರು ಎಷ್ಟ ಛಂದ ಹಾಡತಾರಲ್ಲಾ ಅಂತ ಖುಷಿಯಾಗಿ ಆಕೀನೂ ಮ್ಯಾಲಿಂದ ಮ್ಯಾಲೆ ಏರಿಸಿದ್ಲು. ಜನಾ ವನ್ಸ್‌ಮೋರ್ ಅಂದ್ರು. ನಿಮ್ಮಪ್ಪ ಇನ್ನೊಮ್ಮೆ ಹಾಡಿದ.”

ಕಂಪನಿ ಅದಾದ ಮೇಲೆ ಬಹಳ ದಿನ ಉಳಿಯಲಿಲ್ಲ. ಮಾತಾಡುವ ಸಿನೇಮಾ ಬಂದಿತ್ತು, ಜನ ಅತ್ತ ಹೋದರು. ತಗಡುಗಳನ್ನು ಯಾರೋ ಅಡತಿ ಅಂಗಡಿಗೆ ಕೊಂಡರು. ಮಾಲಕರು ಉಳಿದ ಸಾಮಾನನ್ನು ಕಲಾವಿದರಿಗೆ ಹಂಚಿ ಊರು ಬಿಟ್ಟರು. ನಮ್ಮ ಪಾಲಿಗೆ ಬಂದದ್ದು ಆ ನವಿಲಿನ ಪರದೆ. ಆಮೇಲೆ ಅಪ್ಪ ಅವ್ವ ಬಣ್ಣವಿಲ್ಲದೆ, ವೇಷವಿಲ್ಲದೆ, ಬರಿ ಜಮಖಾನೆಯ ಮೇಲೆ ಕೂತು ನಾಟಕದ ಪದಗಳನ್ನು ಹಾಡುವ ಬೈಠಕ್ಕು ಶುರುವಾಯಿತು. ಶ್ರೀಮಂತರ ವಾಡೆ, ಮಠ, ಶಾಲೆ, ಎಲ್ಲಿ ಕರೆದರೆ ಅಲ್ಲಿ. ಕರೆಯುತ್ತಿದ್ದದ್ದು ಜೋಡಿಯನ್ನು. ಒಬ್ಬರನ್ನೇ ಯಾರೂ ಕರೆಯುತ್ತಿರಲಿಲ್ಲ, ಮನೆಯ ಒಲೆ ಉರಿಯಬೇಕಿತ್ತು. ಅವ್ವ ಒಪ್ಪಿದಳು. ಒಂದು ಕರಾರು ಹಾಕಿದಳು, ಅದನ್ನೂ ನನ್ನಿಂದಲೇ ಹೇಳಿಸಿದಳು.

“ನಿಮ್ಮಪ್ಪಗ ಹೇಳು. ಆ ಒಂದು ಪದಾ ಬಿಟ್ಟು ಬಾಕಿ ಯಾವುದಾದ್ರೂ ಹಾಡತೇನಿ.”

ಆಯಿ ನಡುವೆ ಬಾಯಿ ಹಾಕಿ ಎಷ್ಟೋ ಸಲ ಸರಿಮಾಡಲು ನೋಡಿದಳು. ಒಂದು ವರ್ಷ ಪಂಚಮಿಯ ಹಬ್ಬದ ದಿನ ಉಂಡಿ ಕಟ್ಟುತ್ತಿದ್ದಾಗ ಆಯಿ ಬೇಕಂತಲೇ ಒಂದು ಉಂಡಿಯನ್ನು ಅವ್ವನ ಕೈಗಿಟ್ಟು, ಹೋಗಿ ನೀನೇ ಕೊಟ್ಟು ಬಾ ಎಂದಳು. ಅವ್ವ ಕೈಯಲ್ಲಿದ್ದ ಉಂಡಿಯನ್ನು ನೋಡುತ್ತ ಕೂತಳು.

“ಅತ್ತೆವ್ವಾ, ನಿಮ್ಮ ಮಗಾ ನನ್ನ ಕೂಸಿನ ಸಾವಿಗೆ ವನ್ಸ್‌ಮೋರ್ ತಗೊಂಡಾರ. ನಾನೂ ಅವರ ಜೋಡಿ ತಗೊಂಡೇನಿ. ಗೊತ್ತಿಲ್ಲದ ತಗೊಂಡೇನಿ. ನನಗ ಅದನ್ನ ಮರೀ ಅಂತ ಹೇಳಬ್ಯಾಡ್ರಿ.”

ಪಡಸಾಲೆಯಲ್ಲಿದ್ದ ಅಪ್ಪ ಇದನ್ನು ಕೇಳಿದ. ಅವನು ನಡುಮನೆಯ ಬಾಗಿಲಿಗೆ ಬಂದು ನಿಂತ. ಅವ್ವನಿಗಲ್ಲ, ತನ್ನ ತಾಯಿಗೆ ಹೇಳಿದ. ಅವನು ಒಂದು ವಾಕ್ಯವನ್ನು ಪೂರ್ತಿ ಹೇಳಿದ್ದನ್ನು ನಾನು ಕೇಳಿದ್ದು ಅಪರೂಪ.

“ನಾ ಆಕಿಗೆ ಹೇಳೇನವ್ವ. ಹಾಡಿನ್ಯಾಗ ಹೇಳೇನಿ. ಬಾಯಿಲೆ ಹೇಳಾಕ ಹೋದ್ರ ನನಗ ಬರಲಿಲ್ಲ. ಎರಡನೇ ಸಲನೂ ಯಾಕ ಹಾಡಿದ್ನಿ? ಮೊದಲನೇ ಸಲಾ ಆಕಿಗೆ ಕೇಳಸಲಿಲ್ಲಲ್ಲಾ ಅಂತ.”

ಅವ್ವ ಉಂಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಆ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಯಾರೂ ಸಿಹಿ ತಿನ್ನಲಿಲ್ಲ.

ಇಂಥ ಮನೆಯಲ್ಲಿ ಬೆಳೆದ ನನಗೆ ಹಾಡು ಕೇಳುವುದು ಒಂದು ಕೆಲಸವಾಗಿತ್ತು. ಬೇರೆ ಮಕ್ಕಳು ಅಪ್ಪ ಅವ್ವನ ಮುಖ ನೋಡಿ ಮನೆಯ ಹವಾ ತಿಳಿಯುತ್ತಾರೆ, ನಾನು ಬೆಳಗಿನ ರಿಯಾಜಿನಿಂದ ತಿಳಿಯುತ್ತಿದ್ದೆ. ಅಪ್ಪನಿಗೆ ನೆಗಡಿಯಾಗಿದ್ದರೆ ಅವ್ವ ಏನೂ ಕೇಳದೆ ಶ್ರುತಿಯನ್ನು ಅರ್ಧ ಸ್ವರ ಇಳಿಸುತ್ತಿದ್ದಳು. ಅವನು ವಯಸ್ಸಾಗಿ ಉಸಿರು ಸಾಲದೆ ದೀರ್ಘ ಸ್ವರದ ಕೊನೆಯಲ್ಲಿ ಕುಸಿಯುವ ಹೊತ್ತಿಗೆ ಸರಿಯಾಗಿ ಅವಳ ದನಿ ಕೆಳಗಿನಿಂದ ಬಂದು ಅವನನ್ನು ಎತ್ತಿಹಿಡಿಯುತ್ತಿತ್ತು. ಕೇಳುವವರಿಗೆ ಎಲ್ಲಿ ಅವನು ನಿಂತ, ಎಲ್ಲಿ ಇವಳು ಹಿಡಿದಳು ಗೊತ್ತಾಗುತ್ತಿರಲಿಲ್ಲ. ಶಿಗ್ಗಾಂವಿಯ ಒಂದು ಬೈಠಕ್ಕಿನಲ್ಲಿ ಅಪ್ಪ ತಾಳ ತಪ್ಪಿದಾಗ ಅವಳು ತಾನೇ ತಪ್ಪಿದವಳಂತೆ ನಕ್ಕು, ಮೌಲಾ ಕಾಕಾನಿಗೆ ಸನ್ನೆ ಮಾಡಿ ಸರಿಪಡಿಸಿದಳು. ಅದೇ ಅವ್ವ ಮನೆಗೆ ಬಂದ ಮೇಲೆ ಅವನ ಪಂಚೆಯನ್ನು ಒಗೆದು ಒಣಹಾಕಿ, ಒಣಗಿದ್ದನ್ನು ನನ್ನ ಕೈಯಿಂದಲೇ ಪರದೆಯ ಆಚೆ ಇಡಿಸುತ್ತಿದ್ದಳು. ಹಾಡುವಾಗ ಅಷ್ಟೊಂದು ಕೊಡುವವಳು ಒಂದು ದಿನ ಮಾತನ್ನೂ ಕೊಟ್ಟಾಳು ಎಂದು ನಾನು ನಂಬಿಕೊಂಡಿದ್ದೆ. ಪ್ರತಿ ಬೈಠಕ್ಕಿನ ಮರುದಿನ ಬೆಳಿಗ್ಗೆ ಬೇಗ ಎದ್ದು, ಇಬ್ಬರೂ ಮಾತಾಡುತ್ತಿದ್ದಾರೆಯೇ ಎಂದು ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿರುತ್ತಿದ್ದೆ.

ಆಯಿ ತೀರಿಕೊಂಡ ಮರುವರ್ಷ, ನನಗೆ ಹನ್ನೆರಡೋ ಹದಿಮೂರೋ ಇದ್ದಾಗ, ಹಾನಗಲ್ಲಿನ ವಾಚನಾಲಯದ ಸಮಾರಂಭಕ್ಕೆ ಕರೆ ಬಂತು. ಮಧ್ಯಾಹ್ನ ಮೂರಕ್ಕೆ ಬೈಠಕ್ಕು. ಶಾಲೆಯ ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಮಾವಿನ ತೋರಣ. ಮಾಸ್ತರರು, ವಕೀಲರು, ರುಮಾಲು ಸುತ್ತಿದ ಗೌಡರು, ಒಂದು ಬದಿಗೆ ಹೆಂಗಸರು. ನಾನು ಅವ್ವನ ಹಿಂದೆ ಕೂತು ತಂಬೂರಿ ಮೀಟುತ್ತಿದ್ದೆ. ಒಂದೂವರೆ ತಾಸು ಚೆನ್ನಾಗಿ ನಡೆಯಿತು. ಇನ್ನೇನು ಮಂಗಳ ಹಾಡಬೇಕು ಎನ್ನುವಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ಎದ್ದು ನಿಂತರು.

“ತುಳಸಾಬಾಯಿಯವರ, ಒಂದು ವಿನಂತಿ ಅದರಿ. ಹಿರೇಕೆರೂರಾಗ ಹಗಲ ಆಟಾ ನೋಡಿದ್ದೆ ನಾ. ಆ ರಾಜಾ ರಾಣಿ ಪದಾ, ಬರಿಗೈಲೆ ಬಂದಿರ್ಯಾಕ ಅಂತ ಇತ್ತಲ್ರಿ. ಅದನ್ನ ಕೇಳಿ ಸಾಯಬೇಕಂತ ಆಸೆ ಐತ್ರಿ.”

ಅಪ್ಪ ಕೂಡಲೇ ಕೈಯೆತ್ತಿದ. “ಅದು ಬ್ಯಾಡ್ರಿ. ಅದನ್ನ ಹಾಡೂದು ಬಿಟ್ಟೇವ್ರಿ. ಬ್ಯಾರೆ ಯಾವುದಾದ್ರೂ...”

ಅವನ ಮಾತು ಮುಗಿಯುವುದರೊಳಗೆ ಅವ್ವ ಹಾಡತೊಡಗಿದ್ದಳು. ಪೇಟಿಯವನಿಗೆ ಸುಳಿವಿಲ್ಲ, ತಬಲಾಕ್ಕೆ ಸುಳಿವಿಲ್ಲ. ಬರಿಗೈಲಿ ಬಂದಿರೇಕೆ ದೊರೆಯೇ. ಮೊದಲ ಸಲ ತೀರ ಸಾದಾ ಕೇಳಿದಳು, ಪೇಟೆಗೆ ಹೋದ ಗಂಡ ಕಾಯಿಪಲ್ಯ ತರದೆ ಬಂದರೆ ಕೇಳುವ ಹಾಗೆ. ಎರಡನೆಯ ಸಲ ಆ ‘ಬರಿಗೈ’ ಎಂಬ ಮಾತಿನ ಮೇಲೆ ನಿಂತಳು, ಅದರ ಸುತ್ತಲೇ ತಿರುಗಿದಳು, ಕತ್ತಲ ಕೋಣೆಯಲ್ಲಿ ಕೈಯಾಡಿಸಿ ಏನನ್ನೋ ಹುಡುಕುವವಳ ಹಾಗೆ. ಆಮೇಲೆ ಮಾತುಗಳನ್ನು ಬಿಟ್ಟುಬಿಟ್ಟಳು. ಬರಿ ಒಂದು ಸ್ವರ ಹಿಡಿದು, ತಿರುಗಿ ಕೂತು, ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು. ಆರು ವರ್ಷದಿಂದ ಅವಳು ಅವನ ಮುಖವನ್ನು ಹಾಗೆ ನೋಡಿರಲಿಲ್ಲ. ಹೆಂಗಸರ ಬದಿಯಲ್ಲಿ ಯಾರೋ ಬಿಕ್ಕಿದರು. ನನ್ನ ಬೆರಳು ತಂತಿಯ ಮೇಲೆ ತಾನಾಗಿ ಆಡುತ್ತಿತ್ತು. ಅಪ್ಪ ಎತ್ತಿಕೊಳ್ಳಬೇಕಾದ ಜಾಗ ಬಂತು. ಅವನು ಎತ್ತಿಕೊಳ್ಳಲಿಲ್ಲ. ಮೌಲಾ ಕಾಕಾ ತಲೆ ತಗ್ಗಿಸಿ ಠೇಕಾ ಬಾರಿಸುತ್ತಲೇ ಇದ್ದ. ಅವ್ವ ಮತ್ತೊಮ್ಮೆ ಕೇಳಿದಳು.

ಆಗ ಅಪ್ಪ ಹಾಡಿದ. ಕೇಳಬೇಡ ದೇವಿ ಎನ್ನುವ ಸಾಲು ಅದು. ಮೊದಲ ಅಕ್ಷರಕ್ಕೇ ದನಿ ಸೀಳಿತು. ಇಂಥ ಹೊತ್ತಿನಲ್ಲಿ ಹಾಡುವವರು ಕೆಮ್ಮಿ, ನೀರು ಕುಡಿದು, ಮತ್ತೆ ಶುರುಮಾಡುತ್ತಾರೆ. ಅಪ್ಪ ಹಾಗೆ ಮಾಡಲಿಲ್ಲ, ಆ ಸೀಳಿದ ದನಿಯಲ್ಲೇ ಮುಂದೆ ಹೋದ. ಮೇಲಿನ ಸ್ವರ ಮುಟ್ಟಲಾಗದೆ ಅದರ ಕೆಳಗೇ ತಡಕಾಡಿದ. ರಾಜ ಅಲ್ಲಿ ಎಲ್ಲೂ ಇರಲಿಲ್ಲ. ಬಣ್ಣದ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತ ಮನುಷ್ಯ ಇದ್ದ, ಬಾಯಿ ತೆರೆದರೂ ಮಾತು ಬಾರದವನು. ಮಗ ಇಲ್ಲ ಎನ್ನುವ ಸಾಲಿಗೆ ಬಂದಾಗ ಅವನು ಅದನ್ನು ಹಾಡಲೇ ಇಲ್ಲ, ಉಸಿರಿನಲ್ಲಿ ಅಂದ. ಆ ಸಾಲನ್ನು ಅವ್ವ ಕೇಳಿಸಿಕೊಂಡಳು. ಅವಳ ಬೆನ್ನು ನನ್ನ ಕಡೆಗಿತ್ತು, ಅದು ಒಮ್ಮೆ ನೆಟ್ಟಗಾಗಿ ಆಮೇಲೆ ಬಾಗಿತು. ಕೊನೆಯ ನುಡಿಯನ್ನು ಇಬ್ಬರೂ ಕೂಡಿ ಹಾಡಬೇಕು. ಅವಳು ತನ್ನ ದನಿಯನ್ನು ಅವನ ಸೀಳಿದ ದನಿಗಿಂತ ಕೆಳಗಿಳಿಸಿ, ಅದರ ಒಳಗೇ ಇಟ್ಟು ಹಾಡಿದಳು. ಎರಡು ಕೊರಳು ಎಂದು ಗುರುತು ಸಿಗದ ಹಾಗೆ. ಆ ಮುದುಕರು ಮುಖಕ್ಕೆ ಉತ್ತರೀಯ ಒತ್ತಿಕೊಂಡಿದ್ದರು. ಇವತ್ತು ಮುಗಿಯಿತು, ಇನ್ನು ಇವರು ಮಾತಾಡುತ್ತಾರೆ ಎಂದುಕೊಂಡೆ.

ಹಿಂದಿನ ಸಾಲಿನಿಂದ ಯಾರೋ ಒಬ್ಬ ತರುಣ “ವನ್ಸ್‌ಮೋರ್” ಎಂದ. ಅವನಿಗೇನು ಗೊತ್ತು. ಅವನ ದನಿಗೆ ಇನ್ನೊಂದು ಸೇರಿತು, ಕೋಣೆಯೆಲ್ಲ ಅದನ್ನೇ ಹೇಳತೊಡಗಿತು. ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಎದ್ದು ನಿಂತು, ಎರಡೂ ಕೈ ಮುಗಿದು, ಇಲ್ಲ, ಇಲ್ಲ ಎಂದು ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿದರು. ಅವ್ವ ಕಣ್ಣು ಕೆಳಗೆ ಹಾಕಿ, ನನ್ನ ಕೈಯಿಂದ ತಂಬೂರಿ ತೆಗೆದುಕೊಂಡು ಅದರ ಗವಸು ಹಾಕಿದಳು.

ಊರಿಗೆ ಮರಳುವ ಮೋಟಾರಿನಲ್ಲಿ ನಾನು ಎಂದಿನಂತೆ ಇಬ್ಬರ ನಡುವೆ ಕೂತಿದ್ದೆ. ಕಿಟಕಿಯ ಆಚೆ ಕೆರೆಗಳು, ಭತ್ತದ ಗದ್ದೆಗಳು. ಸ್ವಲ್ಪ ದೂರ ಹೋದ ಮೇಲೆ ಅವ್ವ ನನ್ನ ತಲೆಯ ಮೇಲಿಂದ ನೇರವಾಗಿ ಅಪ್ಪನಿಗೆ ಹೇಳಿದಳು.

“ಅವತ್ತ ಬಣ್ಣದ ಕ್ವಾಣ್ಯಾಗ ನನ್ನ ಮುಂದ ಬಂದು ಇವತ್ತಿನಂಗ ಕೈಮುಗಿದು ನಿಂತಿದ್ರ ಸಾಕಾಗಿತ್ತು. ಬಾಯಿಲೆ ಏನೂ ಹೇಳೂದು ಬೇಕಾಗಿದ್ದಿಲ್ಲ. ನಾ ತಿಳಕೋತಿದ್ದೆ.”

ಅಪ್ಪ ಏನೋ ಹೇಳಲು ಬಾಯಿ ತೆರೆದ.

“ಬ್ಯಾಡ್ರಿ,” ಎಂದಳು ಅವ್ವ. “ನೀವು ಹೇಳಿದ್ದು ಇವತ್ತ ಪೂರ್ತಿ ಕೇಳಸ್ತು. ಇನ್ನ ನನಗ ನಿಮ್ಮ ಜೋಡಿ ಹಾಡೂದು ಆಗೂದಿಲ್ಲ. ಕೇಳೂದೇನೂ ಉಳೀಲಿಲ್ಲ.”

ನಾನು ಆರು ವರ್ಷ ಕಾದ ಮಾತು ಅದು. ಬಂತು, ಹೀಗೆ ಬಂತು. ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ಅದು ಇಳಿಯುತ್ತದೆಂದು ಕಾಯಬಹುದಿತ್ತು.

ಆಮೇಲೆ ಯಾರು ಕರೆಯಲು ಬಂದರೂ ಅವ್ವ ಕಟ್ಟೆಯಿಂದಲೇ ಕಳಿಸಿದಳು. ಎದುರು ಮನೆಯವರ ಖಾರಾಕ್ಕೆ ಹಿಟ್ಟು ಬೀಸಿ ಕೊಡುವ ಕೆಲಸ ಹಿಡಿದಳು. ಅಪ್ಪ ಹತ್ತಿರದ ಹಳ್ಳಿಗಳಿಗೆ ಹೋಗಿ ಹವ್ಯಾಸಿ ನಾಟಕದವರಿಗೆ ಪದ ಹೇಳಿಕೊಡುತ್ತಿದ್ದ. ಮನೆಯಲ್ಲಿದ್ದ ದಿನ ಬೆಳಿಗ್ಗೆ ಚಾಪೆ ಹಾಸಿ ಒಬ್ಬನೇ ಕೂಡುತ್ತಿದ್ದ. ಜೋಡಿಪದಗಳನ್ನೇ ಹಾಡುತ್ತಿದ್ದ. ತನ್ನ ಭಾಗ ಹಾಡಿ, ಅವ್ವನ ಭಾಗ ಬಂದಾಗ ಸುಮ್ಮನಾಗಿ, ಅವಳು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೊಡೆಯ ಮೇಲೆ ತಾಳ ಹಾಕುತ್ತ ಕಾದು, ಮತ್ತೆ ತನ್ನ ಭಾಗ ಹಿಡಿಯುತ್ತಿದ್ದ. ಆ ಖಾಲಿ ಜಾಗದಲ್ಲಿ ಹಿತ್ತಲಿನಿಂದ ಬೀಸುವ ಕಲ್ಲಿನ ಸದ್ದು ಒಂದೇ ಕೇಳುತ್ತಿತ್ತು. ದಿನವೂ ಅದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಅವ್ವನ ಭಾಗವೆಲ್ಲ ನನಗೆ ಬಾಯಿಪಾಠ. ಒಂದು ಬೆಳಿಗ್ಗೆ ಅಪ್ಪ ಸುಮ್ಮನಾದಾಗ, ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ನಾನು ಹಾಡಿಬಿಟ್ಟೆ. ನನ್ನ ದನಿ ಅವ್ವನದೇ ಎಂದು ಆಯಿ ಹೇಳುತ್ತಿದ್ದಳು. ಹಿತ್ತಲಿನಲ್ಲಿ ಬೀಸುವ ಕಲ್ಲು ನಿಂತಿತು. ಅಪ್ಪ ನಾನು ಮುಗಿಸುವ ತನಕ ಕೇಳಿದ. ಆದರೆ ತನ್ನ ಭಾಗ ಎತ್ತಿಕೊಳ್ಳಲಿಲ್ಲ. ಪರದೆ ಸರಿಸಿ ನನ್ನನ್ನು ನೋಡಿದ.

“ಛಲೋ ಹಾಡತಿ ಮಗಳ. ಆದ್ರ ಅಲ್ಲಿ ನೀ ಬರಬ್ಯಾಡ. ಅದು ಆಕಿದು.”

ಮರುದಿನದಿಂದ ಅವನು ಚಾಪೆ ಹಾಸಲಿಲ್ಲ. ಅವತ್ತು ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿನಲ್ಲಿ ಕಲ್ಲು ಮತ್ತೆ ತಿರುಗತೊಡಗಿತ್ತು.

ನನಗೆ ಹದಿನಾರು ತುಂಬಿದಾಗ ಶಿಗ್ಗಾಂವಿಯಿಂದ ಹೆಣ್ಣು ನೋಡಲು ಬಂದರು. ಒಕ್ಕಲುತನದ ಮನೆಯವರು, ಒಳ್ಳೆಯ ಜನ. ಪಡಸಾಲೆಯಲ್ಲಿ ಕೂಡಿಸಿ, ಅವಲಕ್ಕಿ ಕೊಟ್ಟು, ನನ್ನನ್ನು ಹೊರಗೆ ಕರೆದರು. ಹೆಸರು ಕೇಳಿದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು. ಹುಡುಗನ ಸೋದರತ್ತೆಗೆ ನಮ್ಮ ಮನೆಯ ಕತೆ ಅಲ್ಪಸ್ವಲ್ಪ ಗೊತ್ತಿತ್ತು.

“ಅಪ್ಪ ಅವ್ವ ಇಬ್ಬರೂ ಅಷ್ಟ ದೊಡ್ಡ ಹಾಡುಗಾರರು. ನಿನಗೂ ಹಾಡಾಕ ಬರತೈತೇನವಾ? ಒಂದು ನುಡಿ ಹಾಡು, ಕೇಳೋಣು.”

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವ್ವ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಇಬ್ಬರನ್ನೂ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ, ಅವ್ವ ಓಣಿಯ ಕಡೆ.

“ಬರೂದಿಲ್ರಿ,” ಎಂದೆ.

ನಿಜವೇ ಎಂಬಂತೆ ಆ ಹೆಂಗಸು ಅವ್ವನ ಕಡೆಗೂ ಅಪ್ಪನ ಕಡೆಗೂ ತಿರುಗಿದಳು. ಇಬ್ಬರೂ ಅಲ್ಲ ಅನ್ನಲಿಲ್ಲ. ಹಾಡು ಬಾರದಿದ್ದರೇನು, ಸಂಸಾರಕ್ಕೆ ಅದೇನು ಬೇಕು ಎಂದು ಅವರಲ್ಲೊಬ್ಬರು ಹೇಳಿದರು, ಎಲ್ಲರೂ ನಕ್ಕರು, ಅವತ್ತೇ ವೀಳ್ಯ ಹಿಡಿದು ಸಂಬಂಧ ಗಟ್ಟಿ ಮಾಡಿದರು.